ಹೆಣಿಗೆ: ಪಕ್ಕದಲ್ಲಿ ಕೂತು ಕಲಿಯುವ ಕೆಲಸ

ಕಡ್ಡಿಗೆ ಕುಣಿಕೆ ಹಾಕಿಕೊಳ್ಳುವುದು, ನಿಟ್ (ದಾರ ಹಿಂದಿಟ್ಟು ಹೆಣೆಯುವ ಸೀದಾ ಕುಣಿಕೆ), ಪರ್ಲ್ (ದಾರ ಮುಂದಿಟ್ಟು ಹೆಣೆಯುವ ಉಲ್ಟಾ ಕುಣಿಕೆ), ಕೊನೆಗೆ ಮುಚ್ಚುವುದು. ಉಲ್ಲನ್ ಹೆಣಿಗೆಯ ಈ ನಾಲ್ಕು ಪಾಠಗಳನ್ನು ವಿಡಿಯೊ ನೋಡಿ ಯಾರು ಬೇಕಾದರೂ ಕಲಿಯಬಹುದು. ಆದರೆ ವಿಡಿಯೊ ನಮ್ಮ ಕೈಯನ್ನು ನೋಡುವುದಿಲ್ಲ. ಹೆಣಿಗೆಯ ತಪ್ಪುಗಳಲ್ಲಿ ಬಹುಪಾಲು ಹೆಣೆಯುವವರ ಕಣ್ಣಿಗೆ ಬೀಳುವುದೇ ಇಲ್ಲ, ಪಕ್ಕದಲ್ಲಿ ಕೂತವರಿಗೆ ಒಂದೇ ಸಾಲಿನಲ್ಲಿ ಕಂಡುಬಿಡುತ್ತವೆ. ಕಬ್ಬನ್ ಪಾರ್ಕಿನ ಮರದಡಿಯಲ್ಲೋ ಯಾರದಾದರೂ ಮನೆಯ ಹಾಲ್‌ನಲ್ಲೋ ಐದಾರು ಜನ ಸೇರಿ ಹೆಣೆಯುವ ರೂಢಿ ಬೆಂಗಳೂರಿನಲ್ಲಿದೆ. ಅಂಥ ಕಡೆ ನಾನು ಕಲಿತದ್ದನ್ನು, ಈಗ ಹೊಸಬರಿಗೆ ತೋರಿಸಿಕೊಡುವುದನ್ನು ಇಲ್ಲಿ ಬರೆದಿದ್ದೇನೆ.

ಹೊಸಬರ ಕೈಯಲ್ಲಿ ನಾನು ಮೊದಲು ನೋಡುವುದು ಕುಣಿಕೆ ಕೂತ ರೀತಿಯನ್ನು. ಕಡ್ಡಿಯ ಮೇಲಿನ ಪ್ರತಿ ಕುಣಿಕೆಗೂ ಎರಡು ಕಾಲು, ಒಂದು ಕಡ್ಡಿಯ ಮುಂದೆ, ಒಂದು ಹಿಂದೆ. ಸಾಮಾನ್ಯ ಹೆಣಿಗೆಯಲ್ಲಿ ಬಲಗಾಲು ಮುಂದಿರುತ್ತದೆ. ಪರ್ಲ್ ಹೆಣೆಯುವಾಗ ದಾರವನ್ನು ಕಡ್ಡಿಯ ಮೇಲಿನಿಂದ ಕೆಳಕ್ಕೆ ಸುತ್ತಬೇಕು. ಅದು ಸ್ವಲ್ಪ ತ್ರಾಸದ ಕೆಲಸ, ಹಾಗಾಗಿ ತುಂಬ ಜನ ದಾರವನ್ನು ಕೆಳಗಿನಿಂದ ಎತ್ತಿಕೊಂಡುಬಿಡುತ್ತಾರೆ. ಆಗ ಕುಣಿಕೆ ತಿರುಗಿ ಕೂರುತ್ತದೆ, ಬಲಗಾಲು ಹಿಂದಕ್ಕೆ ಹೋಗುತ್ತದೆ. ಮುಂದಿನ ನಿಟ್ ಸಾಲಿನಲ್ಲಿ ಎಂದಿನಂತೆ ಮುಂದಿನ ಕಾಲಿಗೇ ಕಡ್ಡಿ ತೂರಿಸಿದರೆ ಕುಣಿಕೆಯ ಬುಡ ತಿರುಚಿಕೊಳ್ಳುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕುಣಿಕೆಯ ಎರಡು ಕಾಲು ಬುಡದಲ್ಲಿ ಕತ್ತರಿಯಾಗಿ ಕೂಡಿರುತ್ತವೆ. ಬಟ್ಟೆ ಬಿಗಿಯಾಗುತ್ತದೆ, ಅಡ್ಡಕ್ಕೆ ಎಳೆದರೆ ಬೇಕಾದಷ್ಟು ಹಿಗ್ಗುವುದಿಲ್ಲ.

ಇದಕ್ಕೆ ಪರಿಹಾರ ಎರಡು, ಎರಡೂ ಸರಿ. ಪರ್ಲ್‌ನಲ್ಲಿ ದಾರ ಸುತ್ತುವ ದಿಕ್ಕನ್ನು ಬದಲಿಸಿಕೊಳ್ಳಬಹುದು. ಅಥವಾ ಪರ್ಲ್ ಇದ್ದಂತೆಯೇ ಇರಲಿ, ಮುಂದಿನ ನಿಟ್ ಸಾಲಿನಲ್ಲಿ ಹಿಂದಿನ ಕಾಲಿಗೆ ಕಡ್ಡಿ ತೂರಿಸಬಹುದು. ಎರಡನೆಯ ದಾರಿ ಹಿಡಿದವರ ಪರ್ಲ್ ಬೇಗ ಸಾಗುತ್ತದೆ, ಸಮವಾಗಿಯೂ ಬರುತ್ತದೆ. ಅವರು ಎಚ್ಚರ ವಹಿಸಬೇಕಾದದ್ದು ಎರಡು ಕುಣಿಕೆ ಸೇರಿಸಿ ಒಂದು ಮಾಡುವಾಗ. ಹಿಂದಿನ ಕಾಲುಗಳಿಂದ ಎರಡನ್ನೂ ಒಟ್ಟಿಗೆ ಹೆಣೆದರೆ ಅದು ಎಡಕ್ಕೆ ವಾಲುತ್ತದೆ. ಬಲಕ್ಕೆ ವಾಲಬೇಕಾದರೆ ಮೊದಲು ಎರಡೂ ಕುಣಿಕೆಯನ್ನು ತಿರುಗಿಸಿ ಕೂರಿಸಿಕೊಳ್ಳಬೇಕು. ಸ್ವೆಟರಿನ ಕತ್ತಿನ ಎರಡು ಬದಿ ಒಂದೇ ಥರ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಇದೇ.

ಹೊಸಬರು ಪದೇ ಪದೇ ಕೇಳುವುದು ಇನ್ನೊಂದು: 30 ಕುಣಿಕೆ ಹಾಕಿದ್ದು ಹತ್ತು ಸಾಲಾಗುವಷ್ಟರಲ್ಲಿ 34 ಹೇಗಾಯಿತು? ಸಾಲು ತಿರುಗಿಸಿದಾಗ ದಾರವನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆದುಕೊಂಡಿರುತ್ತಾರೆ. ಹಾಗೆ ಎಳೆದರೆ ಮೊದಲ ಕುಣಿಕೆಯ ಕೆಳಗಿನ ಹಳೆಯ ಕುಣಿಕೆ ಮೇಲೆದ್ದು, ಅದರ ಎರಡು ಕಾಲು ಎರಡು ಬೇರೆ ಕುಣಿಕೆಗಳಂತೆ ಕಾಣುತ್ತವೆ. ಎರಡನ್ನೂ ಹೆಣೆದರೆ ಅಂಚಿನಲ್ಲಿ ಒಂದು ಹೆಚ್ಚಾಯಿತು. ತಿರುಗಿಸಿದ ಕೂಡಲೇ ದಾರವನ್ನು ಕಡ್ಡಿಯ ಕೆಳಗೆ, ನಮ್ಮ ಕಡೆಗೆ ಎಳೆದು ನಿಲ್ಲಿಸಿ, ಆಮೇಲೆ ಕಡ್ಡಿಗಳ ನಡುವಿನಿಂದ ಹಿಂದಕ್ಕೆ ಒಯ್ದರೆ ಈ ತೊಂದರೆ ಇರುವುದಿಲ್ಲ. ಕುಣಿಕೆ ಹೆಚ್ಚುತ್ತಿರುವುದು ಅಂಚಿನಲ್ಲಲ್ಲ, ನಡುವೆ ಎಂದಾದರೆ ಅಲ್ಲೊಂದು ಸಣ್ಣ ತೂತೂ ಕಾಣಿಸುತ್ತದೆ. ಅದು ದಾರ ಸುಮ್ಮನೆ ಕಡ್ಡಿಯ ಮೇಲೆ ಹಾದುಹೋದ ಗುರುತು. ಸಾಲಿನ ನಡುವೆ ಕೆಲಸ ನಿಲ್ಲಿಸಿ ಮತ್ತೆ ಹಿಡಿಯುವಾಗ ದಿಕ್ಕು ತಪ್ಪಿದರೂ ತೂತು ಬೀಳುತ್ತದೆ. ಉಂಡೆಯಿಂದ ಬರುವ ದಾರ ಯಾವ ಕಡ್ಡಿಯಲ್ಲಿದೆಯೋ ಅದು ಬಲಗೈಯಲ್ಲಿರಬೇಕು.

ಬಟ್ಟೆಯ ಹಿಂಬದಿಯಲ್ಲಿ ಎರಡೆರಡು ಸಾಲು ಗುಂಪಾಗಿ, ನಡುವೆ ಕಾಲುವೆ ತೋಡಿದಂತೆ ಕಂಡರೆ, ಪರ್ಲ್ ನಿಟ್‌ಗಿಂತ ಸಡಿಲವಾಗಿ ಬರುತ್ತಿದೆ ಎಂದರ್ಥ. ಪರ್ಲ್‌ನಲ್ಲಿ ದಾರ ಸುತ್ತುವ ದಾರಿ ಉದ್ದ, ಹಾಗಾಗಿ ಕುಣಿಕೆಗೆ ಹೆಚ್ಚು ದಾರ ಹೋಗುತ್ತದೆ. ಕೈಯನ್ನು ತಿದ್ದಲು ವಾರಗಟ್ಟಲೆ ಹೆಣಗುವುದಕ್ಕಿಂತ ಪರ್ಲ್ ಸಾಲಿಗೆ ಒಂದು ಅಳತೆ ಸಣ್ಣ ಕಡ್ಡಿ ಬಳಸುವುದು ಒಳ್ಳೆಯದು. ಎರಡು ತುದಿಗಳ ನಡುವೆ ಬಾಗುವ ತಂತಿಯಿರುವ ವೃತ್ತಾಕಾರದ ಕಡ್ಡಿಯ ತುದಿ ಕಳಚುವಂಥದ್ದಾದರೆ ಒಂದು ಬದಿಗೆ 4 ಮಿಲಿಮೀಟರ್, ಇನ್ನೊಂದು ಬದಿಗೆ 3.75 ಸಿಕ್ಕಿಸಿಕೊಂಡರೆ ಕೆಲಸ ಮುಗಿಯಿತು.

ಕಡ್ಡಿಯ ನಂಬರಿನ ವಿಷಯ ಬಿಡಿಸಿ ಹೇಳಲೇಬೇಕು, ಇಲ್ಲಿ ದುಡ್ಡೂ ದಾರವೂ ಹಾಳಾಗುತ್ತವೆ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ನಂಬರ್ ನಡೆಯುತ್ತದೆ, ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ತೆಳು. 8 ಅಂದರೆ 4 ಮಿಲಿಮೀಟರ್, 10 ಅಂದರೆ 3.25, 12 ಅಂದರೆ 2.75. ಅಮೆರಿಕದ ವಿನ್ಯಾಸಗಳಲ್ಲಿ ಲೆಕ್ಕ ತಿರುಗುಮುರುಗು: ಅಲ್ಲಿ 8 ಅಂದರೆ 5 ಮಿಲಿಮೀಟರ್, 10 ಅಂದರೆ 6. ಅಮೆರಿಕದ ವಿನ್ಯಾಸ ಹಿಡಿದುಕೊಂಡು ಚಿಕ್ಕಪೇಟೆಗೆ ಹೋಗಿ ‘10 ನಂಬರ್ ಕೊಡಿ’ ಎಂದರೆ ಬೇಕಾದದ್ದರ ಅರ್ಧ ದಪ್ಪದ ಕಡ್ಡಿ ಕೈಗೆ ಬರುತ್ತದೆ. ಕೇಳುವಾಗ ಮಿಲಿಮೀಟರಿನಲ್ಲೇ ಕೇಳಿ. ಕಡ್ಡಿಯ ಮೇಲಿನ ಅಂಕಿ ಅಳಿಸಿಹೋಗಿದ್ದರೆ ತೂತುಗಳಿರುವ ಅಳತೆಪಟ್ಟಿಯಲ್ಲಿ ತೂರಿಸಿ ನೋಡಬೇಕು. ಗುಂಪಿನಲ್ಲಿ ಒಬ್ಬರ ಹತ್ತಿರ ಅದಿದ್ದರೂ ಎಲ್ಲರಿಗೂ ಆಗುತ್ತದೆ.

ದಾರದ ಆಯ್ಕೆಯಲ್ಲಿ ಬೆಂಗಳೂರಿನ ಹವೆಯನ್ನು ಮರೆಯಬಾರದು. ಜನವರಿಯ ರಾತ್ರಿಯಲ್ಲೂ ಇಲ್ಲಿ ಚಳಿ ಸಾಮಾನ್ಯವಾಗಿ 15–16 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಶಿಮ್ಲಾಕ್ಕೆ ಹೊಂದುವ ದಪ್ಪ ಸ್ವೆಟರ್ ಇಲ್ಲಿ ಬೀರುವಿನಲ್ಲೇ ಉಳಿಯುತ್ತದೆ. ದೊಡ್ಡವರ ಉಡುಪಿಗೆ ತೆಳು ಉಣ್ಣೆ, ಹತ್ತಿ, ಅಥವಾ ಎರಡರ ಮಿಶ್ರಣವೇ ನನ್ನ ಆಯ್ಕೆ. ಹತ್ತಿ ತಂಪು, ಆದರೆ ಅದಕ್ಕೆ ಉಣ್ಣೆಯಂತೆ ಮರಳಿ ಕುಗ್ಗುವ ಗುಣವಿಲ್ಲ. ತೂಕಕ್ಕೆ ಜೋತುಬೀಳುತ್ತದೆ, ರಿಬ್ (ನಿಟ್, ಪರ್ಲ್ ಸರದಿಯಲ್ಲಿ ಹೆಣೆದ ಹಿಗ್ಗುವ ಅಂಚು) ಬಾಯಿಬಿಡುತ್ತದೆ. ಹತ್ತಿಯಲ್ಲಿ ರಿಬ್ಬಿಗೆ ಎರಡು ಅಳತೆ ಸಣ್ಣ ಕಡ್ಡಿ ಬಳಸುತ್ತೇನೆ, ಉದ್ದವನ್ನೂ ಎರಡು ಸೆಂಟಿಮೀಟರ್ ಕಡಿಮೆ ಹೆಣೆಯುತ್ತೇನೆ. ಅಕ್ರಿಲಿಕ್ ಅಗ್ಗ, ಮಷಿನ್‌ನಲ್ಲಿ ಒಗೆಯಬಹುದು, ಕಲಿಯುವ ಕೈಗೆ ಒಳ್ಳೆಯದು. ಆದರೆ ಬೆವರು ಹೀರುವುದಿಲ್ಲ. ಕಂಬಳಿ ನೇಯುವ ನಮ್ಮ ದಖನಿ ಕುರಿಯ ಉಣ್ಣೆ ಒರಟು, ಕತ್ತಿಗೆ ಚುಚ್ಚುತ್ತದೆ. ಚೀಲಕ್ಕೆ, ಕೂರುವ ಚಾಪೆಗೆ ಅದರಷ್ಟು ಬಾಳಿಕೆ ಬರುವ ದಾರ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ತೂಕಕ್ಕೆ ಮಾರುವ ಚೀಟಿಯಿಲ್ಲದ ಲಡಿ ಸಿಕ್ಕಿದರೆ ಒಂದು ತುಂಡನ್ನು ಸ್ಟೀಲ್ ತಟ್ಟೆಯ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ ಅಥವಾ ಬೇರೆ ಸಿಂಥೆಟಿಕ್. ದಪ್ಪ ತಿಳಿಯಲು ಸ್ಕೇಲಿನ ಮೇಲೆ ಒಂದು ಇಂಚಿನಷ್ಟು ಜಾಗಕ್ಕೆ ದಾರವನ್ನು ಎಳೆಯದೆ, ಒತ್ತಾಗಿ ಸುತ್ತಿ. 12ರ ಆಸುಪಾಸು ಸುತ್ತು ಬಂದರೆ 4 ಮಿಲಿಮೀಟರ್ ಕಡ್ಡಿಯ ದಾರ, 15–16 ಬಂದರೆ 3.25ರದು. ಒಂದೇ ಬಣ್ಣದ ಉಂಡೆಗಳನ್ನು ಕೊಳ್ಳುವಾಗ ಬಣ್ಣದ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ದಾರದ ಗುರುತು) ಒಂದೇ ಇದೆಯೇ ನೋಡಬೇಕು. ಸಿಗದಿದ್ದರೆ ಎರಡು ಉಂಡೆಗಳಿಂದ ಎರಡೆರಡು ಸಾಲು ಸರದಿಯಲ್ಲಿ ಹೆಣೆದರೆ ಛಾಯೆಯ ವ್ಯತ್ಯಾಸ ಕಣ್ಣಿಗೆ ಹೊಡೆಯುವುದಿಲ್ಲ.

ನಾಲ್ಕು ಜನ ಸೇರಿದಾಗ ಮಾಡಲೇಬೇಕಾದ ಒಂದು ಪ್ರಯೋಗವಿದೆ. ಒಂದೇ ಉಂಡೆ, ಒಂದೇ ಅಳತೆಯ ಕಡ್ಡಿ, ಎಲ್ಲರೂ 30 ಕುಣಿಕೆ ಹಾಕಿ 40 ಸಾಲು ಹೆಣೆಯಿರಿ. ತೊಳೆದು ಒಣಗಿಸಿದ ಮೇಲೆ ನಡುವಿನ 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆ ಎಂದು ಎಣಿಸಿ. ಒಬ್ಬರದು 22, ಇನ್ನೊಬ್ಬರದು 20 ಬರುವುದು ತೀರಾ ಸಹಜ. ಚಿಕ್ಕ ವ್ಯತ್ಯಾಸ ಅನ್ನಿಸಬಹುದು. ಆದರೆ 200 ಕುಣಿಕೆಯ ಸ್ವೆಟರಿನಲ್ಲಿ ಮೊದಲನೆಯವರ ಸುತ್ತಳತೆ 91 ಸೆಂಟಿಮೀಟರ್, ಎರಡನೆಯವರದು 100. ಅಳತೆಯ ತುಂಡು ಯಾಕೆ ಬೇಕು ಎಂದು ಕೇಳುವವರಿಗೆ ಈ ತುಂಡುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರೆ ಸಾಕು. ತೊಳೆಯದೆ ಅಳೆಯಬಾರದು, ಹತ್ತಿ ತೊಳೆದ ಮೇಲೆ ಕುಗ್ಗಬಹುದು, ಉಣ್ಣೆ ಅರಳುತ್ತದೆ.

ಮೊದಲ ಉಡುಪಾಗಿ ನಾನು ಹೆಣೆಸುವುದು ಹಸುಗೂಸಿನ ಟೋಪಿ. ಬಹುಪಾಲು ಕೌಶಲ ಅದರಲ್ಲಿ ಬರುತ್ತದೆ, 50 ಗ್ರಾಂ ಉಂಡೆಯಲ್ಲಿ ದಾರ ಮಿಗುತ್ತದೆ. 10 ಸೆಂಟಿಮೀಟರಿಗೆ 22 ಕುಣಿಕೆ ಬರುವ ಮೆತ್ತನೆಯ ದಾರ, 4 ಮತ್ತು 3.25 ಮಿಲಿಮೀಟರಿನ ಉದ್ದ ಕಡ್ಡಿ ಜೋಡಿಗಳು ಬೇಕು. ಆಗ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಟೋಪಿ ಅದಕ್ಕಿಂತ ಕಿರಿದಿದ್ದರೆ ಜಾರದೆ ಕೂರುತ್ತದೆ. 72 ಕುಣಿಕೆಗೆ 33 ಸೆಂಟಿಮೀಟರ್ ಆಗುತ್ತದೆ. ಹೊಲಿಗೆಗೆ ಎರಡು ಸೇರಿಸಿ 74 ಹಾಕಿಕೊಳ್ಳಬೇಕು. ಉದ್ದ ಬಾಲದ ವಿಧಾನದಲ್ಲಿ (ಉಂಡೆಯ ದಾರದ ಜೊತೆಗೆ ಬಿಟ್ಟುಕೊಂಡ ತುದಿಯನ್ನೂ ಬಳಸಿ) ಹಾಕುವುದಾದರೆ ಬಟ್ಟೆಯ ಅಗಲದ ಮೂರು ಪಟ್ಟು, ಅಂದರೆ ಒಂದು ಮೀಟರ್ ದಾರ, ಜೊತೆಗೆ ಹೊಲಿಯಲು ಒಂದು ಗೇಣು ಬಿಟ್ಟುಕೊಳ್ಳಿ. ಕುಣಿಕೆ ಹಾಕುವುದು ದಪ್ಪ ಕಡ್ಡಿಯಲ್ಲಿ, ರಿಬ್ ಹೆಣೆಯುವುದು ಸಣ್ಣದರಲ್ಲಿ. ಹಾಗೆ ಮಾಡಿದರೆ ಅಂಚು ಹಣೆಗೆ ಒತ್ತುವುದಿಲ್ಲ.

ಎರಡು ನಿಟ್, ಎರಡು ಪರ್ಲ್ ರಿಬ್ 3 ಸೆಂಟಿಮೀಟರ್. ಸಾಲು ಎರಡು ನಿಟ್‌ನಿಂದ ಶುರುವಾಗಿ ಎರಡು ನಿಟ್‌ನಲ್ಲೇ ಮುಗಿಯುತ್ತದೆ. ಹೊಲಿಗೆಯಲ್ಲಿ ಎರಡೂ ಬದಿಯಿಂದ ಒಂದೊಂದು ಒಳಗೆ ಹೋಗಿ, ಉಳಿದ ಒಂದೊಂದು ಕೂಡಿ ಜೋಡಿಯಾಗುವುದರಿಂದ ರಿಬ್ ಮುರಿಯುವುದಿಲ್ಲ. ಆಮೇಲೆ 4 ಮಿಲಿಮೀಟರ್ ಕಡ್ಡಿಗೆ ಬದಲಿಸಿ, ಒಂದು ಸಾಲು ನಿಟ್, ಒಂದು ಸಾಲು ಪರ್ಲ್, ಬುಡದಿಂದ 10 ಸೆಂಟಿಮೀಟರ್ ಆಗುವ ತನಕ. ಪರ್ಲ್ ಸಾಲಿಗೆ ನಿಲ್ಲಿಸಿ.

ಈಗ ನೆತ್ತಿ. ನಿಟ್ ಸಾಲಿನಲ್ಲಿ 1 ನಿಟ್, ನಂತರ ‘7 ನಿಟ್, 2 ಸೇರಿಸಿ 1’ ಎಂಬುದನ್ನು ಎಂಟು ಸಲ, ಕೊನೆಗೆ 1 ನಿಟ್. 66 ಉಳಿಯಬೇಕು. ಒಂದು ಸಾಲು ಪರ್ಲ್. ಮುಂದಿನ ನಿಟ್ ಸಾಲಿನಲ್ಲಿ 7ರ ಬದಲು 6, ಅದರ ಮುಂದೆ 5, ಹೀಗೆ ಇಳಿಸುತ್ತಾ ಹೋದರೆ ಕುಣಿಕೆಗಳು 58, 50, 42, 34, 26, 18, ಕೊನೆಗೆ 10. ಪ್ರತಿ ಪರ್ಲ್ ಸಾಲಿನಲ್ಲೂ ಎಣಿಸಿ. ತಪ್ಪಿದ್ದರೆ ಆಗಲೇ ಬಿಚ್ಚುವುದು ಸುಲಭ. ದಾರವನ್ನು ಎರಡು ಗೇಣು ಬಿಟ್ಟು ಕತ್ತರಿಸಿ, ಮೊಂಡು ಸೂಜಿಯಿಂದ ಆ 10 ಕುಣಿಕೆಗಳಲ್ಲಿ ತೂರಿಸಿ ಬಿಗಿಯಾಗಿ ಎಳೆಯಿರಿ. ಬದಿಯನ್ನು ಮೇಲಿನಿಂದ ಹೊಲಿಯುವಾಗ ಅಂಚಿನ ಕುಣಿಕೆ ಮತ್ತು ಅದರ ಪಕ್ಕದ್ದರ ನಡುವಿನ ಅಡ್ಡ ಎಳೆಯನ್ನು ಆಚೆ ಒಂದು, ಈಚೆ ಒಂದು ಎತ್ತಿಕೊಳ್ಳುತ್ತಾ ಬಂದರೆ ಹೊಲಿಗೆ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಹಸುಗೂಸಿನ ಟೋಪಿಗೆ ಗುಂಡಿ, ಉಲ್ಲನ್ ಚೆಂಡು ಕಟ್ಟಬೇಡಿ, ಕಿತ್ತು ಬಾಯಿಗೆ ಹೋಗುತ್ತವೆ. ಮಗುವನ್ನು ಮಲಗಿಸುವಾಗ ಟೋಪಿ ತೆಗೆದಿಡಲು ಮನೆಯವರಿಗೆ ಹೇಳಿ.

ಕುಣಿಕೆ ಜಾರಿ ಕೆಳಗಿಳಿದರೆ ಗಾಬರಿಬೀಳುವ ಅಗತ್ಯವಿಲ್ಲ. ನಿಟ್ ಬದಿ ಎದುರಿಗಿಟ್ಟುಕೊಂಡು, ಜಾರಿದ ಕುಣಿಕೆಗೆ ಕ್ರೋಶಾ ಕಡ್ಡಿ ಹಾಕಿ, ಅದರ ಮೇಲಿನ ಅಡ್ಡ ಎಳೆಯನ್ನು ಒಂದೊಂದಾಗಿ ಕುಣಿಕೆಯೊಳಗಿಂದ ಎಳೆದುಕೊಳ್ಳುತ್ತಾ ಮೇಲೆ ಬರಬೇಕು. ಎಳೆಗಳ ಸರದಿ ತಪ್ಪಬಾರದು, ಅಷ್ಟೇ. ಜಾಲರಿ ವಿನ್ಯಾಸದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಹತ್ತು ಸಾಲಿಗೊಮ್ಮೆ ಬೇರೆ ಬಣ್ಣದ ನಯವಾದ ತೆಳು ನೂಲನ್ನು ಎಲ್ಲ ಕುಣಿಕೆಗಳಲ್ಲಿ ಸೂಜಿಯಿಂದ ತೂರಿಸಿ ಬಿಡಿ. ಬಿಚ್ಚಬೇಕಾದಾಗ ಬಟ್ಟೆ ಆ ನೂಲಿನ ಹತ್ತಿರ ನಿಲ್ಲುತ್ತದೆ.

ಹೇಳಿಕೊಡುವವರಿಗೂ ಕೆಲವು ಮಾತು. ಎದುರು ಕೂತರೆ ಕಲಿಯುವವರಿಗೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಆದ್ದರಿಂದ ಪಕ್ಕದಲ್ಲೇ ಕೂರಿ. ಎಡಗೈಯವರಿಗೆ ಬಲಗೈಯವರು ಕಲಿಸುವಾಗ ಮಾತ್ರ ಎದುರು ಕೂರುವುದೇ ಸರಿ. ಅವರ ಕೈಯಿಂದ ಕೆಲಸ ಕಿತ್ತುಕೊಂಡು ಸರಿಮಾಡಿಕೊಡಬೇಡಿ, ನಿಮ್ಮ ತುಂಡಿನಲ್ಲಿ ಅದೇ ತಪ್ಪನ್ನು ಬೇಕೆಂದೇ ಮಾಡಿ, ಬಿಡಿಸಿ ತೋರಿಸಿ. ಕಲಿಸಲು ತಿಳಿ ಬಣ್ಣದ, ಒಂದೇ ಸಮ ಹುರಿಯ ದಾರ ಇರಲಿ. ಕಪ್ಪು ದಾರದಲ್ಲಿ ಕುಣಿಕೆ ಕಾಣುವುದಿಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಉತ್ತರದಿಂದ ಬಂದ ಹಿರಿಯರು ಸಿಕ್ಕರೆ ಅವರ ಜೊತೆ ಕೂರಲೇಬೇಕು. ಕಡ್ಡಿಯನ್ನು ಕಂಕುಳಲ್ಲಿ ಒತ್ತಿಹಿಡಿದು, ಕೆಲಸದ ಕಡೆ ನೋಡದೆಯೇ ಹೆಣೆಯುವವರು ಅವರಲ್ಲಿದ್ದಾರೆ. ಸ್ವೆಟರಿನ ಅಳತೆಯನ್ನು ಗೇಣಿನಲ್ಲೇ ಹೇಳಿಬಿಡುತ್ತಾರೆ. 2005ರಲ್ಲಿ ಡೇನಿಯಲ್ ಲ್ಯಾಂಡಿಸ್ ಎಂಬ ಹೆಣಿಗೆಗಾರ್ತಿ ಶುರುಮಾಡಿದ, ಎಲ್ಲರೆದುರು ಕೂತು ಹೆಣೆಯುವ ವಿಶ್ವ ದಿನ (ವರ್ಲ್ಡ್‌ವೈಡ್ ನಿಟ್ ಇನ್ ಪಬ್ಲಿಕ್ ಡೇ) ಜೂನ್ ತಿಂಗಳಲ್ಲಿ ಬರುತ್ತದೆ. ಇಲ್ಲಿ ಆಗ ಮಳೆ ಶುರುವಾಗಿರುತ್ತದೆ, ಪಾರ್ಕಿಗೆ ಹೋಗುವವರು ದಾರಕ್ಕೊಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಳ್ಳಬೇಕು.

ಮುಗಿದ ಉಡುಪನ್ನು ತೊಳೆದು ಆಕಾರಕ್ಕೆ ಹರಡಿ ಒಣಗಿಸಿದ ಮೇಲೇ ಅದರ ನಿಜವಾದ ರೂಪ ಬರುವುದು. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಸೋಪು ಹಾಕಿದರೆ ಉಣ್ಣೆಯ ಮೇಲೆ ಬಿಳಿ ಪದರ ಕೂರುತ್ತದೆ. ನಾನು ಅಂಟುವಾಳದ ಕಾಯಿ ನೆನೆಸಿದ ನೀರು ಬಳಸುತ್ತೇನೆ. ನೀರು ತಣ್ಣಗಿರಬೇಕು, ತಿಕ್ಕಬಾರದು, ಹಿಂಡಬಾರದು. ಬಿಸಿ ಮತ್ತು ತಿಕ್ಕಾಟ ಸೇರಿದರೆ ಉಣ್ಣೆಯ ಎಳೆಗಳ ಪೊರೆ ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಅಳತೆಗೆ ಹರಡಿ ನೆರಳಲ್ಲಿ ಒಣಗಿಸಿ. ಹಗ್ಗಕ್ಕೆ ನೇತುಹಾಕಿದರೆ ತನ್ನ ತೂಕಕ್ಕೇ ಉದ್ದವಾಗುತ್ತದೆ. ಆಗಸ್ಟಿನಲ್ಲಿ ಒಣಗಲು ಎರಡು ದಿನವೂ ಬೇಕಾಗಬಹುದು, ಫ್ಯಾನ್ ಹಾಕಿ, ಅರ್ಧ ದಿನಕ್ಕೊಮ್ಮೆ ಮಗುಚಿ. ಅಕ್ರಿಲಿಕ್‌ಗೆ ಇಸ್ತ್ರಿ ತಾಗಿಸಬೇಡಿ: ಬಿಸಿಗೆ ಎಳೆಯ ಪುಟಿತ ಹೋಗಿ, ರಿಬ್ ಶಾಶ್ವತವಾಗಿ ಚಪ್ಪಟೆಯಾಗುತ್ತದೆ.