ವೇಪ್ (ಇ-ಸಿಗರೇಟ್) ದ್ರವದ ಟ್ಯಾಂಕ್ ತೊಳೆಯುವ ನನ್ನ ರೀತಿ

ಮೊದಲು ಬ್ಯಾಟರಿ ತೆಗೆದು ದೂರ ಇಡಿ. ಅದಕ್ಕೆ ನೀರು ತಾಗಲೇಬಾರದು. ಗ್ಲೌಸ್ ಹಾಕಿಕೊಳ್ಳಿ, ಉಳಿದ ದ್ರವದ ನಿಕೋಟಿನ್ ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಟ್ಯಾಂಕ್ ಬಿಚ್ಚಿ, ರಬ್ಬರ್ ರಿಂಗುಗಳನ್ನು ಬಟ್ಟಲಿಗೆ ಹಾಕಿ (ಒಂದನ್ನು ನಾನು ಸಿಂಕಿನ ತೂತಿಗೆ ಬಲಿ ಕೊಟ್ಟಿದ್ದೇನೆ). ಗಾಜು, ಲೋಹದ ಭಾಗಗಳನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಬೆಚ್ಚನೆ ನೀರಲ್ಲಿ 10 ನಿಮಿಷ ನೆನೆಸಿ, ಹಳೇ ಟೂತ್‌ಬ್ರಷ್ಷಿನಿಂದ ಮರೆಯ ಸಂದುಗಳನ್ನು ಉಜ್ಜಿ. ಬಿಡದ ಅಂಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಸರಿ, ಆದರೆ ಪ್ಲಾಸ್ಟಿಕ್ ಟ್ಯಾಂಕಿಗಲ್ಲ. ನನ್ನದು ಕೂದಲೆಳೆಯಂಥ ಬಿರುಕು ಬಿಟ್ಟು ಮಸುಕಾಯಿತು. ಬ್ಲೀಚ್ ಅಂತೂ ಬೇಡವೇ ಬೇಡ. ದ್ರವವನ್ನು ಬಿಸಿ ಮಾಡುವ, ಹತ್ತಿ ಇರುವ ಕಾಯಿಲ್‌ಗೆ ಸೋಪು ತಾಗಿಸಬೇಡಿ. ಸುಟ್ಟ ರುಚಿ ಬಂದರೆ ಹೊಸದು ಹಾಕಿ. ಎಲ್ಲವನ್ನೂ ಬರೀ ನೀರಲ್ಲಿ ಚೆನ್ನಾಗಿ ಜಾಲಿಸಿ, ರಾತ್ರಿಯಿಡೀ ಒಣಗಲು ಬಿಡಿ. ಬೆಳಿಗ್ಗೆ ಮೂಸಿ ನೋಡಿ. ಆಲ್ಕೊಹಾಲ್ ವಾಸನೆ ಪೂರ್ತಿ ಹೋದ ಮೇಲೇ ಜೋಡಿಸಿ.