ಹಿತ್ತಲ ಕೋಳಿ ತತ್ತಿ ನಿಲ್ಲಿಸಿದಾಗ: ನಾನು ನೋಡುವುದು, ಮಾಡುವುದು

ವಿಜಯಪುರ ಜಿಲ್ಲೆಯ ನಮ್ಮ ಇಂಡಿ ಕಡೆ ದೀಪಾವಳಿ ಮುಗಿಯುತ್ತಿದ್ದಂತೆ ಕೋಳಿ ಸಾಕಿದವರು ಕೇಳುವ ಪ್ರಶ್ನೆ ಒಂದೇ: "ತತ್ತಿ ಯಾಕ ನಿಂತಾವ?" ಕೇಳಿದ ಮರುದಿನವೇ ಟಾನಿಕ್ ಬರುತ್ತದೆ, ಕಾಳು ಬದಲಾಗುತ್ತದೆ, ಗೂಡಿನ ಜಾಗವೂ ಬದಲಾಗುತ್ತದೆ. ಎಲ್ಲವನ್ನೂ ಒಮ್ಮೆಗೇ ಮಾಡಿದರೆ ಯಾವುದರಿಂದ ನಿಂತಿತ್ತು, ಯಾವುದರಿಂದ ಮತ್ತೆ ಶುರುವಾಯಿತು ಎಂಬುದು ಗೊತ್ತಾಗುವುದೇ ಇಲ್ಲ. ನಾನು ಮೊದಲು ನೋಡುವುದು ಎರಡು ಸಂಗತಿ. ತತ್ತಿ ಒಮ್ಮೆಲೇ ನಿಂತವೋ, ಮೆಲ್ಲಗೆ ಇಳಿಯುತ್ತಾ ಬಂದವೋ? ಎಲ್ಲ ಕೋಳಿಯೂ ನಿಲ್ಲಿಸಿವೆಯೋ, ಒಂದೆರಡು ಮಾತ್ರವೋ? ನೀರು ತಪ್ಪಿದರೆ, ರಾತ್ರಿ ನಾಯಿ ನುಗ್ಗಿದರೆ ಎರಡು ಮೂರು ದಿನದಲ್ಲೇ ಗೊತ್ತಾಗುತ್ತದೆ. ಮೇವಿನ ಕೊರತೆ ಕಾಣಿಸಲು ಒಂದೆರಡು ವಾರ ಬೇಕು. ಹಗಲು ಕಿರಿದಾಗುವುದರ ಪರಿಣಾಮ ಅದಕ್ಕಿಂತಲೂ ನಿಧಾನ.

ಇದಕ್ಕೆ ಕಾರಣ ತತ್ತಿ ತಯಾರಾಗುವ ರೀತಿ. ತತ್ತಿಯೊಳಗಿನ ಒಂದು ಹಳದಿ ಅಂಡಾಶಯದಲ್ಲಿ ವೇಗವಾಗಿ ಬೆಳೆದು ಪೂರ್ಣ ಗಾತ್ರಕ್ಕೆ ಬರಲು 7ರಿಂದ 10 ದಿನ ಬೇಕು. ಅದು ಕಳಚಿ ನಾಳಕ್ಕೆ ಬಿದ್ದ ಮೇಲೆ ತತ್ತಿಯಾಗಿ ಹೊರಬರಲು 24ರಿಂದ 26 ಗಂಟೆ, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಹಸಿವೋ ಬೆದರಿಕೆಯೋ ಜೋರಾದರೆ ಬೆಳೆಯುತ್ತಿದ್ದ ಹಳದಿಗಳನ್ನು ಮೈ ವಾಪಸು ಹೀರಿಕೊಂಡುಬಿಡುತ್ತದೆ. ಆಮೇಲೆ ನೀವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಹೊಸ ಹಳದಿ ಬೆಳೆದು ಬರಬೇಕಲ್ಲ, ಕನಿಷ್ಠ ಎರಡು ವಾರ ಕಾಯಲೇಬೇಕು. ಒಂದು ತಿದ್ದುಪಡಿ ಮಾಡಿದ ಮೇಲೆ ಅಷ್ಟು ದಿನ ಬೇರೇನನ್ನೂ ಬದಲಿಸಬಾರದು ಎಂದು ನಾನು ಹೇಳುವುದು ಇದಕ್ಕೇ.

ನಿಜವಾಗಿ ನಿಂತಿವೆಯೇ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಬಿಟ್ಟು ಸಾಕುವ ಜವಾರಿ (ನಾಟಿ) ಕೋಳಿ ಕಣಕಿ (ಜೋಳದ ದಂಟು) ಬಣವೆಯ ಸಂದಿಯಲ್ಲೋ ಬೇಲಿ ಬುಡದಲ್ಲೋ ತತ್ತಿ ಇಡುತ್ತಿರಬಹುದು. ಮೂರು ದಿನ ಬೆಳಿಗ್ಗೆ 11ರ ತನಕ ಬಿಡದೆ ಗೂಡಿನಲ್ಲೇ ಇಟ್ಟರೆ ಗುಟ್ಟು ಹೊರಬೀಳುತ್ತದೆ. ಮುಂಗುಸಿ, ಕಾಗೆ, ಹಾವು ಒಯ್ಯುವುದೂ ಉಂಟು.

ಆಮೇಲೆ ಕೋಳಿಯನ್ನು ಕೈಗೆತ್ತಿಕೊಂಡು ನೋಡುವುದು. ಸಂಜೆ ಗಳದ ಮೇಲೆ ಕೂತಾಗ ಹಿಡಿದರೆ ಗದ್ದಲವಿಲ್ಲ. ತಲೆ ನಿಮ್ಮ ಕಂಕುಳ ಕಡೆ ಇರಲಿ. ತತ್ತಿ ದ್ವಾರದ ಎರಡೂ ಬದಿಗೆ ಮೊನಚಾದ ಎರಡು ಎಲುಬು ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿದರೆ, ದ್ವಾರ ಅಗಲವಾಗಿ ಒದ್ದೆಯಾಗಿ ಬಿಳಿಚಿದ್ದರೆ ಅದು ತತ್ತಿ ಇಡುವ ಕೋಳಿ. ಒಂದೇ ಬೆರಳು ಹಿಡಿದು, ದ್ವಾರ ಒಣಗಿ ಮುದುಡಿದ್ದರೆ ನಿಂತಿದೆ. ಜುಟ್ಟೂ ಸಾಕ್ಷಿ ಹೇಳುತ್ತದೆ: ಇಡುವ ಕೋಳಿಯದು ಕೆಂಪಗೆ, ತುಂಬಿಕೊಂಡು, ಮುಟ್ಟಿದರೆ ಮೆತ್ತಗೆ, ನಿಂತದ್ದರದು ಒಣಗಿ ಸುಕ್ಕುಗಟ್ಟಿ ಮಂಕಾಗಿರುತ್ತದೆ. ಹೀಗೆ ಒಂದೊಂದನ್ನೇ ನೋಡಿ, ನಿಂತವುಗಳ ಕಾಲಿಗೆ ದಾರ ಕಟ್ಟಿದರೆ ಮುಂದಿನದು ಸುಲಭ.

ಈಗ ಬೆಳಕಿನ ವಿಷಯ. ವಿಜಯಪುರ ಸೀಮೆಯಲ್ಲಿ ಜೂನ್ ಕೊನೆಗೆ ಹಗಲು ಸುಮಾರು 13 ಗಂಟೆ. ಡಿಸೆಂಬರ್ ಕೊನೆಗೆ 11 ಗಂಟೆಗಿಂತ ಸ್ವಲ್ಪವೇ ಹೆಚ್ಚು. ಕೋಳಿಗೆ ಬೆಳಕು ಕಣ್ಣಿನಿಂದಷ್ಟೇ ಅಲ್ಲ, ತಲೆಬುರುಡೆಯ ಮೂಲಕವೂ ಮಿದುಳಿಗೆ ಮುಟ್ಟುತ್ತದೆ. ಅಂಡಾಶಯವನ್ನು ಎಬ್ಬಿಸುವ ಹಾರ್ಮೋನು ಅದರ ಮೇಲೆ ನಿಂತಿದೆ. ಸತತ ತತ್ತಿಗೆ 14ರಿಂದ 16 ಗಂಟೆ ಬೆಳಕು ಬೇಕು. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿ ಇದ್ದರೆ ನಾನು ಸೆಪ್ಟೆಂಬರ್ ಮಧ್ಯದಿಂದ ಬಲ್ಬ್ ಶುರು ಮಾಡುತ್ತೇನೆ: ಹಳದಿ ಬೆಳಕಿನ 5 ವಾಟ್ ಎಲ್‌ಇಡಿ, ನೆಲದಿಂದ 6 ಅಡಿ ಎತ್ತರದಲ್ಲಿ, ಕೋಳಿಯ ತಲೆಯ ಮಟ್ಟದಲ್ಲಿ ಪೇಪರ್ ಓದಲು ಬಂದರೆ ಸಾಕು. ಬೆಳಕನ್ನು ಸೇರಿಸುವುದು ನಸುಕಿಗೆ, ಸಂಜೆಗಲ್ಲ. ಸಂಜೆ ಬಲ್ಬ್ ತಟ್ಟನೆ ಆರಿದರೆ ಗಳ ಹತ್ತದ ಕೋಳಿಗಳು ಕತ್ತಲಲ್ಲಿ ಕೆಳಗೇ ಉಳಿದು ಒಂದರ ಮೇಲೊಂದು ಬೀಳುತ್ತವೆ. ವಾರಕ್ಕೆ 20 ನಿಮಿಷ ಮುಂಚೆ ಹಚ್ಚುತ್ತಾ ಹೋಗಿ ನಸುಕಿನ 4ಕ್ಕೆ ನಿಲ್ಲಿಸಿದರೆ ಡಿಸೆಂಬರ್‌ನಲ್ಲೂ 14 ಗಂಟೆ ಆಗುತ್ತದೆ. ಟೈಮರ್ ಇರಲೇಬೇಕು. ಇವತ್ತು 4ಕ್ಕೆ, ನಾಳೆ 6ಕ್ಕೆ ಹಚ್ಚುವುದಕ್ಕಿಂತ ಬಲ್ಬ್ ಇಲ್ಲದಿರುವುದೇ ಮೇಲು. ಕರೆಂಟ್ ಹೋಗುವ ಊರಲ್ಲಿ ಚಾರ್ಜಿಂಗ್ ಬಲ್ಬ್ ಹಾಕಿ. ಇನ್ನೂ ತತ್ತಿಗೆ ಬಾರದ ಎಳೆ ಕೋಳಿಗಳಿಗೆ ಈ ಬೆಳಕು ಬೇಡ, ಮೈ ಬಲಿಯುವ ಮೊದಲೇ ತತ್ತಿ ಶುರುವಾಗಿ ತೊಂದರೆ. ಜವಾರಿಗಂತೂ ನಾನು ಬಲ್ಬ್ ಹಾಕುವುದಿಲ್ಲ. ವರ್ಷಕ್ಕೆ 60–80 ತತ್ತಿ ಇಡುವ ಕೋಳಿಗೆ ಚಳಿಗಾಲದ ವಿಶ್ರಾಂತಿ ಕಸಿದು ಸಿಗುವುದು ಅಷ್ಟಕ್ಕಷ್ಟೇ.

ಇದೇ ಹೊತ್ತಿಗೆ ಗರಿ ಉದುರುವುದೂ ಬರುತ್ತದೆ. ತಲೆ, ಕುತ್ತಿಗೆ, ಎದೆ, ಬೆನ್ನು, ರೆಕ್ಕೆ, ಬಾಲ, ಹೀಗೆ ಕ್ರಮವಾಗಿ ಉದುರಿದರೆ ಅದು ರೋಗವಲ್ಲ. ಹೇನಿನಿಂದಾದರೆ ದ್ವಾರದ ಸುತ್ತ, ಹುಂಜ ತುಳಿದದ್ದರಿಂದಾದರೆ ಬೆನ್ನಿನ ಮೇಲೆ ಮಾತ್ರ ಬೋಳಾಗುತ್ತದೆ. ಗರಿಯ ಬಹುಪಾಲು ಪ್ರೋಟೀನೇ. ಹೊಸ ಗರಿ ಬರುವ 8ರಿಂದ 12 ವಾರ ಮೈಯೊಳಗಿನ ಪ್ರೋಟೀನೆಲ್ಲ ಅಲ್ಲಿಗೆ ಹರಿಯುವುದರಿಂದ ತತ್ತಿಗೆ ಉಳಿಯುವುದಿಲ್ಲ. ಬರೀ ಜೋಳ, ಗೋವಿನಜೋಳ ಹಾಕಿದರೆ ಈ ಅವಧಿ ಎಳೆಯುತ್ತಲೇ ಹೋಗುತ್ತದೆ. ಅವುಗಳಲ್ಲಿ ಇರುವ ಪ್ರೋಟೀನು ಶೇ. 9–10 ಮಾತ್ರ. 10 ಕಿಲೋ ಮೇವಿಗೆ ನನ್ನ ಲೆಕ್ಕ: ಗೋವಿನಜೋಳದ ನುಚ್ಚು ಐದೂವರೆ ಕಿಲೋ, ಶೇಂಗಾ ಹಿಂಡಿ ಒಂದೂವರೆ, ಸೋಯಾ ಹಿಂಡಿ 1, ಗೋಧಿ ತೌಡು ಒಂದೂ ಮುಕ್ಕಾಲು, ಕೋಳಿಗೆಂದೇ ಬರುವ ಖನಿಜ ಮಿಶ್ರಣ 250 ಗ್ರಾಂ, ಉಪ್ಪು 30 ಗ್ರಾಂ. ಇದರಲ್ಲಿ ಶೇ. 17–18ರಷ್ಟು ಪ್ರೋಟೀನು ಸಿಗುತ್ತದೆ. ಚಿಪ್ಪಿನ ಪುಡಿಯನ್ನು ಬೆರೆಸದೆ ಬೇರೆ ಬಟ್ಟಲಲ್ಲಿ ಇಡುತ್ತೇನೆ. ತತ್ತಿ ಇಡುವ ಕೋಳಿ ತನಗೆ ಬೇಕಾದಷ್ಟು ತಿನ್ನುತ್ತದೆ, ಇಡದಿರುವುದು ಮುಟ್ಟುವುದು ಕಡಿಮೆ. ಮಳೆಗಾಲದ ಶೇಂಗಾ ಹಿಂಡಿಯನ್ನು ಒಡೆದು ಒಳಗೆ ನೋಡಿ. ಹಸಿರು ಬೂಷ್ಟು, ಮುಗ್ಗಲು ವಾಸನೆ ಇದ್ದರೆ ಎಸೆಯಿರಿ. ಬಿಸಿಲಿಗೆ ಹಾಕಿದರೆ ಬೂಷ್ಟು ಒಣಗೀತು, ಅದರ ವಿಷ ಹೋಗುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಚಳಿಗಿಂತ ಬೇಸಿಗೆಯೇ ದೊಡ್ಡ ಶತ್ರು. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಬೇಕು. ಹಾಗೆ ಏದುವಾಗ ರಕ್ತದ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಚಿಪ್ಪು ಕಟ್ಟಲು ಬೇಕಾದದ್ದು ಕಡಿಮೆಯಾಗುತ್ತದೆ. ಆದ್ದರಿಂದ ಮೊದಲು ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ತತ್ತಿ ಸಣ್ಣದಾಗುತ್ತದೆ, ಕೊನೆಗೆ ನಿಲ್ಲುತ್ತದೆ. ತೆಳು ಚಿಪ್ಪು ಕಂಡ ಕೂಡಲೇ ಕೈ ಹಾಕಿದರೆ ಮುಂದಿನದನ್ನು ತಡೆಯಬಹುದು. ಮೇವು ಬೆಳಿಗ್ಗೆ 8ರೊಳಗೆ ಮುಗಿಯಬೇಕು, ಮತ್ತೆ ಸಂಜೆ 5ರ ಮೇಲೆ. ತಿಂದದ್ದು ಕರಗುವಾಗಲೂ ಮೈಯಲ್ಲಿ ಶಾಖ ಹುಟ್ಟುತ್ತದೆ. ನೀರು ಒಂದು ಕೋಳಿಗೆ ಸಾಮಾನ್ಯ ದಿನ ಕಾಲು ಲೀಟರ್ ಆದರೆ ಬೇಸಿಗೆಯಲ್ಲಿ ಅರ್ಧ ಲೀಟರ್ ತನಕ ಬೇಕು. ಮೇಲಿನ ಪ್ಲಾಸ್ಟಿಕ್ ಟಾಕಿಯಿಂದ ಬಂದ ಬಿಸಿ ನೀರನ್ನು ಅವು ಕುಡಿಯುವುದಿಲ್ಲ. ನೆರಳಲ್ಲಿಟ್ಟ ಮಣ್ಣಿನ ಬೋಗುಣಿಗೆ 11ಕ್ಕೆ, 1ಕ್ಕೆ, 3ಕ್ಕೆ ಗಡಿಗೆಯ ನೀರು ಬದಲಿಸಿ. ಪತ್ರಾಸ್ (ತಗಡಿನ) ಶೆಡ್ಡಿನ ಮೇಲೆ ಕಣಕಿ ಹೊದಿಸಿ, ಗಾಳಿ ಬರುವ ಬದಿಗೆ ಒದ್ದೆ ಗೋಣಿತಟ್ಟು ಕಟ್ಟಿ. ನಮ್ಮ ಒಣ ಗಾಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದ ಸೆಕೆಗೆ ಮಾತ್ರ ಪ್ರಯೋಜನವಿಲ್ಲ. ನಿಂಬೆ ತೋಟದ ನೆರಳು ಒಳ್ಳೆಯದು, ಆದರೆ ಔಷಧಿ ಹೊಡೆದ ದಿನಗಳಲ್ಲಿ ಅಲ್ಲಿಗೆ ಬಿಡಬೇಡಿ.

ಬೆದರಿಕೆಯಿಂದ ನಿಂತದ್ದಕ್ಕೆ ಗುರುತು ತತ್ತಿಯ ಮೇಲೇ ಇರುತ್ತದೆ. ಹೆದರಿದ ಕೋಳಿ ತತ್ತಿಯನ್ನು ಹೊತ್ತಿಗೆ ಸರಿಯಾಗಿ ಬಿಡದೆ ಒಳಗೇ ಹಿಡಿದುಕೊಳ್ಳುತ್ತದೆ. ಆಗ ಚಿಪ್ಪಿನ ಮೇಲೆ ಇನ್ನೊಂದು ಪದರ ಸುಣ್ಣ ಕೂತು, ಕಂದು ತತ್ತಿ ಬೂದಿ ಸವರಿದಂತೆ ಕಾಣುತ್ತದೆ. ಅಂಥ ತತ್ತಿ ಕಂಡರೆ ಹಿಂದಿನ ಒಂದೆರಡು ರಾತ್ರಿ ಏನಾಯಿತೆಂದು ವಿಚಾರಿಸಿ. ದೀಪಾವಳಿ ಪಟಾಕಿ, ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದು ನಮಗೆ ಮೊದಲೇ ಗೊತ್ತಿರುವ ದಿನಗಳು. ಆ ದಿನ ಹೊತ್ತು ಮುಳುಗುವ ಮೊದಲೇ ಒಳಗೆ ಸೇರಿಸಿ, ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟು, ಮೇಲೆ ಗೇಣಷ್ಟು ಗಾಳಿಗೆ ಬಿಡಿ. ಸಂತೆಯಿಂದ ತಂದ ಹೊಸ ಕೋಳಿಯನ್ನು ಮೂರು ವಾರ ದೂರ ಇಡಿ, ಆಮೇಲೆ ಒಂದು ವಾರ ಜಾಳಿಗೆಯ ಆಚೆ ಇಡಿ, ಕೊನೆಗೆ ರಾತ್ರಿ ಹೊತ್ತು ಗಳಕ್ಕೆ ಸೇರಿಸಿ. ಮೇವಿನ ತಟ್ಟೆ ಎರಡು ಇರಲಿ, ಇಲ್ಲವಾದರೆ ಹಳೆಯವು ಹೊಸದನ್ನು ಹತ್ತಿರ ಬಿಡುವುದಿಲ್ಲ.

ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬೇಕಾದರೆ ತಳಕ್ಕೆ ಜಾಳಿಗೆ ಇರುವ ಪಂಜರವನ್ನು ಗಾಳಿಯಾಡುವಂತೆ ತೂಗುಹಾಕಿ, ಮೂರು ನಾಲ್ಕು ದಿನ ಮೇವು ನೀರು ಕೊಟ್ಟು ಅದರಲ್ಲಿಡಿ. ಹೊಟ್ಟೆ ಕೆಳಗೆ ಬಿಸಿ ನಿಲ್ಲದಿದ್ದರೆ ಕಾವು ಇಳಿಯುತ್ತದೆ. ನೀರಲ್ಲಿ ಮುಳುಗಿಸುವುದು, ಉಪವಾಸ ಕೆಡವುವುದು ಬೇಡ. ಅದರಿಂದ ತತ್ತಿ ಇನ್ನಷ್ಟು ತಡ.

ರಾತ್ರಿ ಬ್ಯಾಟರಿ ಹಿಡಿದು ಗಳದ ಬಿರುಕು, ಗೂಡಿನ ಸಂದಿ ನೋಡಿ. ಕೆಂಪು ಉಣ್ಣಿ ಹಗಲಲ್ಲಿ ಅಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಗಳ ಬದಲಿಸಿ, ಬಿರುಕಿಗೆ ಸುಣ್ಣ ಬಳಿದು, ಹೊರಳಾಡಲು ಒಂದು ಬುಟ್ಟಿ ಬೂದಿ, ಒಣ ಮಣ್ಣು ಇಡಿ. ಆದರೆ ತತ್ತಿ ಇಳಿಯುವುದರ ಜೊತೆಗೆ ಹಸಿರು ಹಿಕ್ಕೆ, ಗೊರ ಗೊರ ಉಸಿರು, ಕುತ್ತಿಗೆ ತಿರುಚುವುದು, ಆಕಾರ ಕೆಟ್ಟ ಮೆದು ತತ್ತಿ ಕಂಡರೆ ಅದು ಋತುವಿನ ಮಾತಲ್ಲ, ಕೊಕ್ಕರೆ ರೋಗದ (ರಾಣಿಖೇತ್) ಭಯ. ಆ ಕೋಳಿಯನ್ನು ಬೇರೆ ಮಾಡಿ, ಅವತ್ತೇ ಪಶು ಆಸ್ಪತ್ರೆಗೆ ತಿಳಿಸಿ.