ಎತ್ತರದ ಹುಡುಗರಿಲ್ಲದೆ ಕಿಕ್‌ಔಟ್ ಗೆದ್ದಿದ್ದು

ಶನಿವಾರ ಬೆಳಿಗ್ಗೆ ಮಗನನ್ನು ಗೇಲಿಕ್ ಫುಟ್‌ಬಾಲ್ (ಕೈ ಕಾಲು ಎರಡರಲ್ಲೂ ಆಡುವ ಇಲ್ಲಿನ ಆಟ) ಕ್ಲಬ್ಬಿಗೆ ಬಿಡಲು ಹೋಗಿ, ಯಾರೋ ಕೈಗೆ ಬಿಬ್ ತುರುಕಿ ಕೋಚ್ ಆದವರು ಐರ್ಲೆಂಡಿನಲ್ಲಿ ನಮ್ಮವರೇ ಇದ್ದೀರಿ. ನಾನೂ ಹಾಗೇ ಸಿಕ್ಕಿಬಿದ್ದವನು. 2016ರಲ್ಲಿ ಗಾರ್ಡಾ ವೆಟಿಂಗ್ ಅನ್ನುವ ಪೊಲೀಸ್ ಪರಿಶೀಲನೆ, ಕೋಚ್‌ಗಳ ಫೌಂಡೇಶನ್ ಕೋರ್ಸ್, ಆಮೇಲೆ ಐದಾರು ವರ್ಷ ಚಿಕ್ಕ ಮಕ್ಕಳು. ಅದನ್ನು ಬಿಡಿ. 2023ರಲ್ಲಿ ಕ್ಲಬ್ಬಿನ ಮೂರನೇ ತಂಡಕ್ಕೆ, ಅಂದರೆ ಯಾರಿಗೂ ಬೇಡದ ಜೂನಿಯರ್ (ದೊಡ್ಡವರದೇ, ಆದರೆ ಕೆಳದರ್ಜೆಯ) ತಂಡಕ್ಕೆ, ಮ್ಯಾನೇಜರ್ ಬೇಕಿತ್ತು. ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದರು. ನಾನು ತಲೆ ಎತ್ತಿದ್ದೇ ತಪ್ಪಾಯಿತು.

ನಮ್ಮದು ಕಿಲ್ಡೇರ್ ಕೌಂಟಿ. ಇಲ್ಲಿನ ಹಳಬರಿಗೆ ಮಿಕ್ ಓಡ್ವಾಯರ್ ಅಂದರೆ ದೇವರು. ಮ್ಯಾನೇಜರ್ ಆಗಿ ಕೆರಿ ಕೌಂಟಿಗೆ ಎಂಟು ಆಲ್ ಐರ್ಲೆಂಡ್, ಅಂದರೆ ಇಡೀ ದೇಶದ ಚಾಂಪಿಯನ್‌ಶಿಪ್, ಗೆದ್ದುಕೊಟ್ಟು ಬಂದ ಮನುಷ್ಯ. 1998ರಲ್ಲಿ ಕಿಲ್ಡೇರ್‌ಗೆ 42 ವರ್ಷದ ಮೇಲೆ ಲೆನ್‌ಸ್ಟರ್ ಪ್ರಾಂತ್ಯದ ಕಪ್ ತಂದರು. 'ಅವರು ಸುತ್ತು ಹೊಡೆಸಿ ಹೊಡೆಸಿ ಗೆಲ್ಲಿಸಿದರು, ನೀನೂ ಓಡಿಸು' ಎಂದರು ಆ ಹಳಬರು. ಓಡಿಸಿದೆ. ಜನವರಿ ಕೆಸರಿನಲ್ಲಿ, ವಾರಕ್ಕೆ ಎರಡು ರಾತ್ರಿ. ಮೂರನೇ ವಾರದ ಹೊತ್ತಿಗೆ ನಾಲ್ಕು ಹ್ಯಾಮ್‌ಸ್ಟ್ರಿಂಗ್ ಹೋಗಿದ್ದವು, ಬರುತ್ತಿದ್ದ 22 ಜನ 13 ಆಗಿದ್ದರು. ಹಗಲೆಲ್ಲ ಗೋಡೌನಿನಲ್ಲಿ ಪೆಟ್ಟಿಗೆ ಹೊತ್ತವನನ್ನು ರಾತ್ರಿ ಮತ್ತೆ ಓಡಿಸಿದರೆ ಇನ್ನೇನಾಗುತ್ತದೆ? ಆ ವರ್ಷ 11 ಪಂದ್ಯದಲ್ಲಿ ಎರಡು ಗೆದ್ದೆವು. ಅದರಲ್ಲೊಂದು ಎದುರಾಳಿ ಬಾರದೇ ಸಿಕ್ಕಿದ್ದು.

ದುಡ್ಡಿನ ಕತೆ ಬೇರೆ. ಒಳ್ಳೆಯ ಬಾಲ್ ಒಂದಕ್ಕೆ 45 ಯೂರೊ ಹತ್ತಿರ. ಎರಡು ಕಾಲುವೆಗೆ ಹೋದವು. ಮಳೆಗೆ ಮೈದಾನ ಮುಚ್ಚಿದಾಗ ಆಸ್ಟ್ರೊ (ಕೃತಕ ಹುಲ್ಲಿನ ಮೈದಾನ) ಬಾಡಿಗೆ, ಟೇಪ್, ಪೆಟ್ರೋಲ್. ಮೊದಲ ವರ್ಷ ಕೈಯಿಂದ 1,400 ಯೂರೊ ಹೋಗಿರಬೇಕು. ಮನೆಯಲ್ಲಿ 900 ಅಂತ ಹೇಳಿದ್ದೇನೆ. ದಡ್ಡತನದ ಖರ್ಚು ಅಂದರೆ ಓಟದ ವೇಗ ಅಳೆಯುವ ಜಿಪಿಎಸ್ ವೆಸ್ಟ್. ಎರಡು ಕೊಂಡೆ. ನಮ್ಮವರು ನಿಧಾನ ಅಂತ ತಿಳಿಯಲು ಅದು ಬೇಕಿತ್ತಾ?

ಕಿಕ್‌ಔಟ್ ಅಂದರೆ ಗೋಲಿ (ಗೋಲ್‌ಕೀಪರ್) ಚೆಂಡನ್ನು ಒದ್ದು ಆಟ ಮತ್ತೆ ಶುರು ಮಾಡುವುದು. 2024ರವರೆಗೂ ಅದರಲ್ಲಿ ಅವನು ಹತ್ತಿರದವನಿಗೇ ಕೊಟ್ಟು ತಪ್ಪಿಸಿಕೊಳ್ಳುತ್ತಿದ್ದ. 2025ರ ಹೊಸ ನಿಯಮ ಆ ಬಾಗಿಲು ಮುಚ್ಚಿತು. ಚೆಂಡು 40 ಮೀಟರ್ ಗೆರೆ ದಾಟಲೇಬೇಕು. ದಾಟಿದರೆ ಅಲ್ಲಿ ಹಾರಿ ಹಿಡಿಯುವವನು ಬೇಕು. ನಮ್ಮಲ್ಲಿ ಅತಿ ಎತ್ತರದವನು ಐದಡಿ ಹತ್ತು. 'ಸೀನಿಯರ್ ತಂಡದಿಂದ ಒಬ್ಬ ಉದ್ದದವನನ್ನು ಬೇಡಿ ತಾ' ಅಂದರು ಕ್ಲಬ್ಬಿನವರು. ಬೇಡಿದೆ. ಕೊಡಲಿಲ್ಲ.

ಆಗ ಹೊಳೆಯಿತು, ನಾವು ಹಿಡಿಯುವುದೇ ಬೇಡ. ಮಧ್ಯದವನಿಗೆ ಒಂದೇ ಕೆಲಸ: ಹೇಗಾದರೂ ಚೆಂಡಿಗೆ ಮುಷ್ಟಿ ತಾಗಿಸು, ಎದುರಾಳಿಗೆ ಮಾರ್ಕ್ (ಗಾಳಿಯಲ್ಲೇ ಹಿಡಿದವನಿಗೆ ಸಿಗುವ ಫ್ರೀ ಕಿಕ್) ಸಿಗಬಾರದು. ಸುತ್ತ ಮೂರು ಕುಳ್ಳರು. ಕೆಳಗೆ ಬಿದ್ದದ್ದೆಲ್ಲ ಅವರದ್ದು. ಕ್ಲಬ್ಬಿನಲ್ಲಿ ಒಬ್ಬ ಹಿರಿಯರು 'ಇದು ಫುಟ್‌ಬಾಲಾ, ಕೋಳಿ ಹಿಡಿಯೋದಾ' ಅಂದರು.

ಮೊದಲ ಮೂರು ಪಂದ್ಯ ಅವರೇ ಸರಿ ಅನ್ನಿಸಿತು. ಗುದ್ದಿದ ಚೆಂಡು ನೇರ ಎದುರಾಳಿಯ ಕೈಗೆ. ಒಂದರಲ್ಲಿ 14 ಪಾಯಿಂಟ್‌ನಿಂದ ಸೋತೆವು. ಮನೆಗೆ ಬರುವಾಗ ಕಾರಿನಲ್ಲಿ ರೇಡಿಯೊ ಕೂಡ ಹಾಕಲಿಲ್ಲ.

ತಪ್ಪು ಎಲ್ಲಿತ್ತು ಗೊತ್ತಾ? ಕುಳ್ಳರು ಆಕಾಶ ನೋಡುತ್ತಾ ನಿಂತುಬಿಡುತ್ತಿದ್ದರು. ಚೆಂಡು ನೋಡಬೇಡಿ, ಹಾರುವವನ ಮೊಣಕೈ ನೋಡಿ ಎಂದೆ. ಎರಡನೆಯದು, ನಿಂತಲ್ಲಿಂದ ಎಗರುವ ಮೊದಲ ಎರಡು ಹೆಜ್ಜೆ. ಅದಕ್ಕೆ ನನಗೆ ಗೊತ್ತಿದ್ದದ್ದು ಖೋ ಖೋ ಒಂದೇ. ಎಂಟು ಜನರನ್ನು ಸಾಲಾಗಿ, ಒಬ್ಬ ಬಿಟ್ಟು ಒಬ್ಬ ಆ ಕಡೆ ಈ ಕಡೆ ಮುಖ ಮಾಡಿ ಕೂರಿಸಿದೆ. ಮೇಲೆ ಚೆಂಡು ಗುದ್ದುತ್ತಿದ್ದಂತೆ ಬೆನ್ನು ತಟ್ಟಿ 'ಖೋ'. ತಟ್ಟಿಸಿಕೊಂಡವನು ಮಾತ್ರ ನುಗ್ಗಬೇಕು. ಮೊದಲ ರಾತ್ರಿ ನಕ್ಕರು. ಮೂರನೇ ವಾರಕ್ಕೆ ತಾವೇ 'ಖೋ' ಅಂತ ಕಿರುಚುತ್ತಿದ್ದರು. ಸುತ್ತು ಓಟ ಪೂರ್ತಿ ನಿಲ್ಲಿಸಿದೆ. ವಾರಕ್ಕೆ ಒಂದೇ ರಾತ್ರಿ, 50 ನಿಮಿಷ, ಎಲ್ಲ ಚೆಂಡಿನ ಜೊತೆಗೇ. ಜನ ತಾವಾಗಿ ಮತ್ತೆ ಬಂದರು.

ಉತ್ಸಾಹದಲ್ಲಿ ಕಬಡ್ಡಿಯನ್ನೂ ತಂದೆ. ಅದು ಎಡವಟ್ಟು. ಕಾಲು ಚುರುಕಾಯಿತು, ನಿಜ. ಆದರೆ ಕೈ ಹಿಡಿದೆಳೆಯುವ ಚಟ ಹತ್ತಿತು. ಒಂದೇ ಪಂದ್ಯದಲ್ಲಿ ಹನ್ನೆರಡೋ ಹದಿಮೂರೋ ಫ್ರೀ ಕಿಕ್ ಎದುರಾಳಿಗೆ ಕೊಟ್ಟೆವು. ಅವತ್ತೇ ಬಿಟ್ಟೆ. ಮೀಥ್ ಕೌಂಟಿಗೆ ಮ್ಯಾನೇಜರ್ ಆಗಿ ನಾಲ್ಕು ಆಲ್ ಐರ್ಲೆಂಡ್ ಗೆದ್ದುಕೊಟ್ಟ ಶಾನ್ ಬಾಯ್ಲನ್ ಗಿಡಮೂಲಿಕೆ ವೈದ್ಯರು, ಅವರ ನೆಪದಲ್ಲಿ ನಾನೂ ಹಾಫ್‌ಟೈಮಿಗೆ ಜೀರಿಗೆ ಕಷಾಯ ಕೊಟ್ಟು ನೋಡಿದೆ. ಇಬ್ಬರು ಉಗಿದರು. ಬೆಲ್ಲ ಹಾಕಿದ ರಾಗಿ ಅಂಬಲಿ ಮಾತ್ರ ನಡೆಯಿತು. ಪಂದ್ಯಕ್ಕೆ ಎರಡು ಗಂಟೆ ಮೊದಲು ಒಂದು ಲೋಟ. ಅಂಗಡಿಯ ಎನರ್ಜಿ ಜೆಲ್‌ಗಿಂತ ಎಷ್ಟೋ ಅಗ್ಗ.

ಕಿಕ್‌ಔಟ್ ಎಲ್ಲಿ ಬೀಳುತ್ತದೆ ಅಂತ ನಮ್ಮವರಿಗೆ ಮೊದಲೇ ಹೇಗೆ ಗೊತ್ತಾಗುತ್ತದೆ? ಅದನ್ನು ಬರೆಯಲ್ಲ. ಬರುವ ವರ್ಷವೂ ಇದೇ ತಂಡಗಳ ಜೊತೆ ಆಡಬೇಕಲ್ವಾ. ಗೋಲಿಯ ಟವೆಲ್‌ಗೂ ಅದಕ್ಕೂ ಸಂಬಂಧ ಇಲ್ಲ, ಅಷ್ಟು ಹೇಳಬಲ್ಲೆ.

ಮೊದಲು ನಮ್ಮ ಹತ್ತು ಕಿಕ್‌ಔಟ್‌ನಲ್ಲಿ ಮೂರೋ ನಾಲ್ಕೋ ನಮಗೆ ಸಿಗುತ್ತಿದ್ದವು. ಜೂನ್ ಹೊತ್ತಿಗೆ ಆರೇಳು. ಕೊನೆಯ ಒಂಬತ್ತು ಪಂದ್ಯದಲ್ಲಿ ಏಳು ಗೆದ್ದೆವು. ಫೈನಲ್ ಒಂದು ಪಾಯಿಂಟ್‌ನಿಂದ. ಕೊನೆಯ ಕಿಕ್‌ಔಟ್‌ನಲ್ಲಿ ಅವರ ಆರಡಿ ಮೂರಂಗುಲದವನ ಕಂಕುಳ ಕೆಳಗಿಂದ ನಮ್ಮ ಐದಡಿ ಐದರವನು ಚೆಂಡು ಎತ್ತಿಕೊಂಡು ಹೋದ. ಕೋಳಿ ಅಂದ ಹಿರಿಯರು ಬೇಲಿ ಹತ್ತಿರ ನಿಂತು 'ಖೋ' ಅಂತ ಕೂಗುತ್ತಿದ್ದರು.

ಈಗ ಆ 40 ಮೀಟರ್ ಗೆರೆಯಾಚೆಯಿಂದ ಹೊಡೆದರೆ ಸಿಗುವ ಎರಡು ಪಾಯಿಂಟ್‌ನ ಅಭ್ಯಾಸ ಹಿಡಿದಿದ್ದೇನೆ. ಗಾಳಿ ಬೆನ್ನಿಗಿದ್ದರೂ ಇಪ್ಪತ್ತಕ್ಕೆ ಆರೇ ಹೋಗುತ್ತಿವೆ. ಮೊನ್ನೆ ಇನ್ನೊಂದು ಬಾಲ್ ಕಾಲುವೆಗೆ ಬಿತ್ತು.